ಮಾರ್ಕೆಟಿಂಗ್ ಯೋಜನೆ

ಉದ್ಯಮವೊಂದು ತನ್ನ ಸರಕನ್ನು ಯಾರಿಗೆ, ಯಾವ ಬೆಲೆಗೆ, ಯಾವ ದಾರಿಯಲ್ಲಿ ಮುಟ್ಟಿಸಬೇಕು, ಅದಕ್ಕೆ ಎಷ್ಟು ಖರ್ಚು ಮಾಡಬಹುದು ಎಂಬುದನ್ನು ಮುಂಚಿತವಾಗಿ ತೀರ್ಮಾನಿಸಿ ಬರೆದಿಟ್ಟುಕೊಳ್ಳುವ ದಾಖಲೆ. ಸಾಮಾನ್ಯವಾಗಿ ಇದನ್ನು ಒಂದು ವರ್ಷಕ್ಕೆ ತಯಾರಿಸುತ್ತಾರೆ. ಸರಕು, ಬೆಲೆ, ಮಾರುವ ಸ್ಥಳ, ಪ್ರಚಾರ ಎಂಬ ನಾಲ್ಕು ಅಂಶಗಳ ಚೌಕಟ್ಟನ್ನು 1960ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಪ್ರಾಧ್ಯಾಪಕ ಇ. ಜೆರೋಮ್ ಮೆಕಾರ್ಥಿ. ಜಾಹೀರಾತೇ ಯೋಜನೆ ಎಂದುಕೊಳ್ಳುವವರು ಬಹಳ. ಅದು ಪ್ರಚಾರದ ಒಂದು ಭಾಗ, ಅಷ್ಟೆ.

ಈ ಚೌಕಟ್ಟು ಬರುವುದಕ್ಕೆ ದಶಕಗಳ ಮೊದಲೇ ಅದರಂತೆ ನಡೆದುಕೊಂಡ ಉತ್ಪನ್ನ ಮೈಸೂರ್ ಸ್ಯಾಂಡಲ್ ಸೋಪು. ಮೊದಲ ಮಹಾಯುದ್ಧದಿಂದ ಯುರೋಪಿನ ದಾರಿ ಮುಚ್ಚಿ, ಮೈಸೂರು ಸಂಸ್ಥಾನದಲ್ಲಿ ಗಂಧದ ಕೊರಡುಗಳು ರಾಶಿ ಬಿದ್ದವು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ, 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ಬಂದವು. ಅಪ್ಪಟ ಗಂಧದೆಣ್ಣೆ ಹಾಕಿದ ಸೋಪನ್ನು ಅಗ್ಗವಾಗಿ ಮಾರುವಂತಿರಲಿಲ್ಲ. ಹಾಗಾಗಿ ಕೊಳ್ಳುವವರಿಗೆ ಆ ಬೆಲೆ ನ್ಯಾಯವೆನಿಸುವಂತೆ ಉಳಿದದ್ದೆಲ್ಲ ಹೊಂದಿಕೊಂಡಿತು: ಚೌಕ ಬಿಲ್ಲೆಯ ಬದಲು ಅಂಡಾಕಾರ, ಒಡವೆಯ ಪೆಟ್ಟಿಗೆಯನ್ನು ನೆನಪಿಸುವ ಡಬ್ಬಿ, ಅದರ ಮೇಲೆ ಆನೆಯ ತಲೆ, ಸಿಂಹದ ಮೈಯ ಶರಭ. ಪ್ರಚಾರ ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣಗಳ ಮೇಲೂ ಹತ್ತಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೂ ನಡೆಯಿತು. ಇವು ಬಿಡಿ ಚಮತ್ಕಾರಗಳಾಗಿ ಉಳಿಯದಿರಲು ಕಾರಣ, ಎಲ್ಲವೂ ದುಬಾರಿ ಸೋಪೆಂಬ ಒಂದೇ ನಿಲುವಿಗೆ ದುಡಿದದ್ದು.

ಮಾರಾಟದ ಗುರಿ ಹಾಕುವವರು ಸಾಮಾನ್ಯವಾಗಿ ಮರೆಯುವುದು ಕಚ್ಚಾವಸ್ತುವನ್ನು. ಕಾಡಿನ ಗಂಧ ಕರಗಿದಾಗ ಎಷ್ಟೇ ಬೇಡಿಕೆಯಿದ್ದರೂ ಎಣ್ಣೆ ದುರ್ಲಭವಾಯಿತು. ಈ ಸೋಪನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ರೈತರಿಂದ ಗಂಧ ಬೆಳೆಸುವ ಕಾರ್ಯಕ್ರಮ ಹಮ್ಮಿಕೊಂಡದ್ದು ಈ ಹಿನ್ನೆಲೆಯಲ್ಲಿ.

ಸಣ್ಣ ವ್ಯಾಪಾರಕ್ಕೆ ದಪ್ಪ ಕಡತ ಬೇಕಿಲ್ಲ. ಗಿರಾಕಿ ಯಾರು, ಪಕ್ಕದ ಅಂಗಡಿಯವರು ಏನು ಕೊಡುತ್ತಿದ್ದಾರೆ, ಹಬ್ಬದ ತಿಂಗಳಿಗೆ ಎಷ್ಟು ಸರಕು ತರಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದು, ಮೂರು ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕದೊಡನೆ ತಾಳೆ ನೋಡಿದರೂ ದುಡ್ಡು ಎಲ್ಲಿ ಸೋರುತ್ತಿದೆಯೆಂದು ತಿಳಿದೀತು.

ಗಿರಾಕಿ ಯಾರೆಂಬ ಪ್ರಶ್ನೆ ಹಳೆಯ ಸಂಸ್ಥೆಗಳಿಗೂ ಮತ್ತೆ ಮತ್ತೆ ಎದುರಾಗುತ್ತದೆ. 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ಮೈಸೂರ್ ಸ್ಯಾಂಡಲ್‌ನ ರಾಯಭಾರಿಯಾಗಿಸಿದಾಗ, ಕನ್ನಡದ ಕಲಾವಿದರೇಕೆ ಬೇಡವಾದರು ಎಂಬ ಆಕ್ಷೇಪ ಎದ್ದಿತು. ಕರ್ನಾಟಕದ ಹೊರಗಿನ ಮಾರುಕಟ್ಟೆಯನ್ನು ವಿಸ್ತರಿಸಲು ಈ ಆಯ್ಕೆ ಎಂದು ಸರ್ಕಾರ ಸಮರ್ಥಿಸಿಕೊಂಡಿತು.