ಹಿಜರಿ ಹೊಸ ವರ್ಷ ಮತ್ತು ಒಂದು ಹೆಣ್ಣುಮಕ್ಕಳ ಶಾಲೆ

ಈಚಿನ ವರ್ಷಗಳಲ್ಲಿ ಶಾಲೆಗಳು ತೆರೆದ ಕೆಲವೇ ವಾರಗಳಲ್ಲಿ ಮುಹರ್ರಂ ಚಂದ್ರನೂ ಕಾಣುತ್ತಿದ್ದಾನೆ. ಮಕ್ಕಳಿಗೆ ಹೊಸ ತರಗತಿ, ನಮಗೆಲ್ಲರಿಗೂ ಹೊಸ ಹಿಜರಿ ವರ್ಷ. ಆದ್ದರಿಂದ ಈ ಬಾರಿ ಎರಡನ್ನೂ ಸೇರಿಸಿ ಮಾತಾಡುತ್ತೇವೆ.

ಹಝ್ರತ್ ಉಮರ್ (ರ) ಖಲೀಫರಾಗಿದ್ದಾಗ ಆಡಳಿತದ ಪತ್ರಗಳಲ್ಲಿ ಯಾವ ವರ್ಷವೆಂದು ಬರೆಯುವುದು ಎಂಬ ತೊಡಕು ಎದುರಾಯಿತು. ಅವರು ಸಹಾಬಿಗಳೊಡನೆ ಸಮಾಲೋಚಿಸಿದರು. ವರ್ಷದ ಎಣಿಕೆಗೆ ಪ್ರವಾದಿ (ಸ)ರವರ ಜನನವನ್ನಾಗಲಿ, ಬದ್ರ್‌ನ ವಿಜಯವನ್ನಾಗಲಿ ಆರಿಸಲಿಲ್ಲ; ಮಕ್ಕಾ ಬಿಟ್ಟು ಮದೀನಾಕ್ಕೆ ಹೊರಟ ಹಿಜ್ರತ್ ಅನ್ನು ಆರಿಸಿದರು. ಇದ್ದ ಊರಿನಲ್ಲಿ ಸತ್ಕಾರ್ಯಕ್ಕೆ ದಾರಿ ಮುಚ್ಚಿದರೆ ಕೆಲಸವನ್ನು ಬಿಡುವುದಲ್ಲ, ಬೇರೆ ಕಡೆ ಹೋಗಿ ಮತ್ತೆ ಆರಂಭಿಸುವುದು ಎಂಬ ಪಾಠ ನಮ್ಮ ಕ್ಯಾಲೆಂಡರಿನಲ್ಲೇ ಇದೆ.

ಪ್ರವಾದಿ (ಸ)ರವರ ಹಿಜ್ರತ್‌ಗೆ ಬೇರಾವುದೂ ಸಮವಲ್ಲ. ಆದರೆ ಆ ಪಾಠದಂತೆ ನಡೆದವರು ಎಲ್ಲ ಕಾಲದಲ್ಲೂ ಇದ್ದಾರೆ. ಬಂಗಾಳದ ಬೇಗಂ ರೊಕೇಯಾ ಸಖಾವತ್ ಹುಸೇನ್ ಅವರಲ್ಲಿ ಒಬ್ಬರು.

ಅವರು 1880ರಲ್ಲಿ ಈಗಿನ ಬಾಂಗ್ಲಾದೇಶದ ರಂಗಪುರ ಜಿಲ್ಲೆಯ ಪಾಯ್ರಾಬಂದ್ ಗ್ರಾಮದಲ್ಲಿ ಹುಟ್ಟಿದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ಇಬ್ರಾಹೀಮ್ ಸಾಬೆರ್ ದೀಪದ ಬೆಳಕಿನಲ್ಲಿ ಇಂಗ್ಲಿಷ್ ಕಲಿಸಿದರು; ಅಕ್ಕ ಕರೀಮುನ್ನಿಸಾ ಬಂಗಾಳಿ ಓದಲು ಆಸರೆಯಾದರು. ಪತಿ ಸಯ್ಯದ್ ಸಖಾವತ್ ಹುಸೇನ್ ಬಿಹಾರದ ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದರು. ಹೆಣ್ಣುಮಕ್ಕಳ ಶಾಲೆಗೆಂದು ಅವರು ಹತ್ತು ಸಾವಿರ ರೂಪಾಯಿ ತೆಗೆದಿಟ್ಟಿದ್ದರು. 1909ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಐದೇ ತಿಂಗಳಲ್ಲಿ, ಅಕ್ಟೋಬರ್ 1ರಂದು, ರೊಕೇಯಾ ಐವರು ಹುಡುಗಿಯರೊಂದಿಗೆ ಭಾಗಲ್ಪುರದಲ್ಲಿ ಶಾಲೆ ತೆರೆದರು.

ಆದರೆ ಅಲ್ಲಿ ನೆಮ್ಮದಿ ಇರಲಿಲ್ಲ. ಗಂಡನ ಮೊದಲ ಮದುವೆಯ ಮಗಳ ಕಡೆಯಿಂದ ಕೌಟುಂಬಿಕ ಕಲಹ ಎದ್ದಿತು. ಅವರು ಊರು ಬಿಟ್ಟು ಕಲ್ಕತ್ತೆಗೆ ಬಂದರು. 1911ರ ಮಾರ್ಚ್ 16ರಂದು ವಲಿಯುಲ್ಲಾ ಲೇನ್‌ನ ಒಂದು ಚಿಕ್ಕ ಮನೆಯಲ್ಲಿ ಎಂಟು ಹುಡುಗಿಯರೊಂದಿಗೆ ಸಖಾವತ್ ಮೆಮೋರಿಯಲ್ ಶಾಲೆ ಮತ್ತೆ ಆರಂಭವಾಯಿತು. ಶಾಲೆ ನಡೆಸುವುದು ಹೇಗೆಂದು ತಿಳಿಯಲು ಅವರು ಕಲ್ಕತ್ತೆಯ ಬೇರೆ ಶಾಲೆಗಳಿಗೆ ಹೋಗಿ ನೋಡಿ ಬಂದರು. ಮನೆಮನೆಗೆ ತೆರಳಿ, ಪರ್ದಾಕ್ಕೆ ಭಂಗ ಬಾರದಂತೆ ಮಕ್ಕಳನ್ನು ಕರೆತಂದು ಬಿಡುತ್ತೇವೆ ಎಂದು ತಂದೆತಾಯಂದಿರನ್ನು ಒಪ್ಪಿಸಿದರು. ಕುರ್‌ಆನ್, ಉರ್ದು, ಇಂಗ್ಲಿಷ್, ಹೊಲಿಗೆ, ಅಡುಗೆ, ರೋಗಿಗಳ ಆರೈಕೆ ಎಲ್ಲವನ್ನೂ ಕಲಿಸಲಾಯಿತು. 1915ರ ಹೊತ್ತಿಗೆ ವಿದ್ಯಾರ್ಥಿನಿಯರ ಸಂಖ್ಯೆ 84 ಆಗಿತ್ತು.

ನಮ್ಮ ಸಮುದಾಯ ಮುಖ್ಯವಾಗಿ ತಿಳಿಯಬೇಕಾದುದು ಆ ಶಾಲೆಯ ಮೋಟಾರು ಬಸ್ಸಿನ ಪ್ರಸಂಗ. 1931ರಲ್ಲಿ ಪ್ರಕಟವಾದ ‘ಅವರೋಧ್‌ಬಾಸಿನಿ’ ಪುಸ್ತಕದಲ್ಲಿ ರೊಕೇಯಾ ಅದನ್ನು ವಿವರಿಸಿದ್ದಾರೆ. ಪರ್ದಾದ ಭರವಸೆ ಉಳಿಸಲು ಬಸ್ಸನ್ನು ಎಲ್ಲ ಕಡೆಯಿಂದ ಮುಚ್ಚಲಾಗಿತ್ತು. ಗಾಳಿಗೆ ಸಣ್ಣ ಜಾಲರಿ ಮಾತ್ರ. ಮೊದಲ ದಿನವೇ ಸೆಖೆ ತಡೆಯಲಾರದೆ ಕೆಲವು ಮಕ್ಕಳು ವಾಂತಿ ಮಾಡಿದರು. ಚಿಕ್ಕವರು ಕತ್ತಲೆಗೆ ಹೆದರಿ ಅತ್ತರು. ಆಮೇಲೆ ಕಿಟಕಿ ತೆರೆದು ಬಟ್ಟೆಯ ಪರದೆ ಇಳಿಬಿಟ್ಟರು. ಆಗಲೂ ಕೆಲವರು ಮೂರ್ಛೆ ಹೋದರು. ಮಕ್ಕಳ ಜೀವ ತೆಗೆಯುತ್ತೀರಾ, ನಾಳೆಯಿಂದ ಕಳುಹಿಸುವುದಿಲ್ಲ ಎಂದು ತಾಯಂದಿರು ಬಂದು ಜಗಳವಾಡಿದರು. ಅದೇ ಸಂಜೆ ನಾಲ್ಕು ಪತ್ರಗಳು ಬಂದವು. ಎರಡರಲ್ಲಿ ಹೆಸರಿರಲಿಲ್ಲ, ಒಂದರಲ್ಲಿ ‘ಇಸ್ಲಾಮಿನ ಸಹೋದರ’ ಎಂದಷ್ಟೇ ಇತ್ತು. ಗಾಳಿಗೆ ಪರದೆ ಹಾರಿ ಪರ್ದಾ ಕೆಡುತ್ತಿದೆ, ಸರಿಪಡಿಸದಿದ್ದರೆ ಪತ್ರಿಕೆಗಳಲ್ಲಿ ಬರೆದು ಹುಡುಗಿಯರು ಬಸ್ಸು ಹತ್ತದಂತೆ ಮಾಡುತ್ತೇವೆ ಎಂಬುದು ಅವುಗಳ ತಾತ್ಪರ್ಯ.

ತಾಯಂದಿರ ದೂರಿನಲ್ಲಿ ಮಕ್ಕಳ ನೋವಿತ್ತು. ಪತ್ರ ಬರೆದವರಲ್ಲಿ ಒಬ್ಬರಾದರೂ ಮುಂದೆ ಬಂದು, ಗಾಳಿಯೂ ಬರಲಿ ಪರ್ದಾವೂ ಉಳಿಯಲಿ, ಬೇಕಾದ ಏರ್ಪಾಡಿನ ಖರ್ಚು ನಮ್ಮದಿರಲಿ ಎಂದು ಹೇಳಲಿಲ್ಲ. ದೀನ್‌ನ ಹೆಸರಿನಲ್ಲಿ ಬೆದರಿಸುವುದು ಸುಲಭ, ದೀನ್‌ಗಾಗಿ ಜೇಬಿಗೆ ಕೈ ಹಾಕುವುದು ಕಷ್ಟ. ಮೊದಲ ವಹೀ ಬಂದದ್ದೇ ಓದುವ ಆಜ್ಞೆಯಾಗಿ. ಉಮ್ಮುಲ್ ಮೂಮಿನೀನ್ ಆಯಿಶಾ (ರ)ರಿಂದ ಗಂಡಸರೂ ಹದೀಸ್ ಕಲಿತರು. ಹಾಗಿರುವಾಗ ಹುಡುಗಿಯ ಓದಿನ ದಾರಿಗೆ ಅಡ್ಡ ನಿಂತು ಇಸ್ಲಾಮಿನ ಸಹೋದರರೆಂದು ಸಹಿ ಹಾಕುವುದು ನಮಗೆ ಒಪ್ಪುವ ಮಾತಲ್ಲ.

ರೊಕೇಯಾ ಶಾಲೆಯನ್ನು ಮುಚ್ಚಲಿಲ್ಲ. 1930ರ ಹೊತ್ತಿಗೆ ಅದು ಹೈಸ್ಕೂಲಾಯಿತು. ಅವರು 1932ರ ಡಿಸೆಂಬರ್ 9ರಂದು ನಿಧನರಾದರು. ಶಾಲೆ ಇಂದಿಗೂ ಕೋಲ್ಕತ್ತದ ಲಾರ್ಡ್ ಸಿನ್ಹಾ ರಸ್ತೆಯಲ್ಲಿ ಸರಕಾರಿ ಹೆಣ್ಣುಮಕ್ಕಳ ಹೈಸ್ಕೂಲಾಗಿ ನಡೆಯುತ್ತಿದೆ. ಪ್ರತಿವರ್ಷ ಹೊಸ ಮಕ್ಕಳು ಸೇರುತ್ತಾರೆ.

ನಮ್ಮ ಊರುಗಳಲ್ಲೂ ಏಳನೆಯ ತರಗತಿ ಮುಗಿದ ಮೇಲೆ ಹೈಸ್ಕೂಲು ದೂರ, ಬಸ್ಸು ಸರಿಯಿಲ್ಲ ಎಂಬ ಕಾರಣಕ್ಕೆ ಹುಡುಗಿಯರನ್ನು ಮನೆಯಲ್ಲಿ ಉಳಿಸಿಕೊಳ್ಳುವುದುಂಟು. ತಂದೆತಾಯಿಯ ಆತಂಕ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಹುಡುಕುವುದು ಇಡೀ ಜಮಾಅತ್‌ನ ಹೊಣೆ. ನಾಲ್ಕಾರು ಮನೆಯವರು ಸೇರಿ ಒಂದು ಆಟೋ ಗೊತ್ತುಮಾಡಬಹುದು. ಕಮಿಟಿಯವರು ವ್ಯಾನಿನ ಬಾಡಿಗೆಗೆ ಚಂದಾ ಎತ್ತಬಹುದು. ಈ ಮುಹರ್ರಂನಲ್ಲಿ ಪ್ರತಿ ಮೊಹಲ್ಲಾದವರೂ ಕುಳಿತು, ಯಾವ ಮನೆಯ ಹುಡುಗಿ ದಾರಿಯ ಕಾರಣಕ್ಕೆ ಶಾಲೆ ಬಿಟ್ಟಿದ್ದಾಳೆ ಎಂದು ವಿಚಾರಿಸಿದರೆ ಹೊಸ ವರ್ಷ ಸಾರ್ಥಕ.

ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.