ಚೇತರಿಸಿಕೊಂಡವರ ಸಾಂಗತ್ಯ: ಮನೋಸಂಕಟದ ಚಿಕಿತ್ಸೆಯಲ್ಲಿ ಅನುಭವಿಗಳ ಸ್ಥಾನ

ವಿಜಯಪುರ ಜಿಲ್ಲೆಯಂತಹ ಒಣಬೇಸಾಯದ ಸೀಮೆಯಲ್ಲಿ, ಮಳೆಯ ಅನಿಶ್ಚಿತತೆ, ದ್ರಾಕ್ಷಿ-ತೊಗರಿಗಳ ಬೆಲೆಯ ಏರಿಳಿತ, ಸಾಲ, ಮನೆಯೊಳಗಿನ ಕಲಹ, ಮದ್ಯವ್ಯಸನ ಇವು ಒಂದರ ಮೇಲೊಂದು ಬಂದು ಮನಸ್ಸಿನ ಆಧಾರವನ್ನೇ ಕಳಚಿಹಾಕಿದ ಗಳಿಗೆಯಲ್ಲಿ, ಮನುಷ್ಯನು ಮನೋವೈದ್ಯರ ಕೊಠಡಿಗಿಂತ ಮೊದಲು ತಲುಪುವುದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು. ತಿಕೋಟಾ, ಬಬಲೇಶ್ವರಗಳ ಹಳ್ಳಿಗಳಿಂದ ಹೊರಟ ಜೀಪಾಗಲಿ ೧೦೮ರ ಗಾಡಿಯಾಗಲಿ ಬಂದು ನಿಲ್ಲುವುದು ಜಿಲ್ಲಾ ಆಸ್ಪತ್ರೆಯ ಮುಂದೆ, ಇಲ್ಲವೇ ಸೊಲ್ಲಾಪುರ ರಸ್ತೆಯಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯವರು ೧೯೮೬ರಲ್ಲಿ ಆರಂಭಿಸಿದ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯ ಮುಂದೆ. ಇಂತಹ ತುರ್ತು ವಿಭಾಗಗಳಲ್ಲಿ ಜೀವವುಳಿಸಲು ಹೋರಾಡುವ ವೈದ್ಯರಿರುತ್ತಾರೆ, ಶುಶ್ರೂಷಕಿಯರಿರುತ್ತಾರೆ, ಎಂ.ಎಲ್.ಸಿ. (ವೈದ್ಯಕೀಯ-ಕಾನೂನು ಪ್ರಕರಣ) ಬರೆಸಿಕೊಳ್ಳುವ ಪೊಲೀಸರಿರುತ್ತಾರೆ, ಬಾಗಿಲಾಚೆ ಅಳುವ ಬಂಧುಗಳಿರುತ್ತಾರೆ. ಕತ್ತಲೆಯಿಂದ ಆಚೆ ಬಂದ ಮೇಲೆ ಕಣ್ದೆರೆದವನ ಪಕ್ಕದಲ್ಲಿ ಕುಳಿತು, ತಾನೂ ಒಮ್ಮೆ ಇಂತಹುದೇ ಹಾಸಿಗೆಯ ಮೇಲೆ ಮಲಗಿದ್ದೆನೆಂದೂ, ಈಗ ಎದ್ದು ದುಡಿಯುತ್ತಿರುವೆನೆಂದೂ ಹೇಳಬಲ್ಲ ಒಬ್ಬ ಮನುಷ್ಯನಿಗೆ ಮಾತ್ರ ನಮ್ಮ ಆಸ್ಪತ್ರೆಗಳ ವ್ಯವಸ್ಥೆಯಲ್ಲಿ ನಿಯತವಾದ ಜಾಗವಿಲ್ಲ. ಆ ಜಾಗವು ಲೋಕದಲ್ಲಿ ಎಲ್ಲೆಲ್ಲಿ ಹೇಗೆ ಹುಟ್ಟಿತು, ಎಲ್ಲಿ ಅಳಿಯಿತು, ಮರಳಿ ಹೇಗೆ ಚಿಗುರಿತು ಎಂಬುದನ್ನು ಸ್ಥೂಲವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಇದು ಇತ್ತೀಚಿನ ಕಲ್ಪನೆಯೆಂದು ತಿಳಿದವರು ಪ್ಯಾರಿಸ್ಸಿನ ಬಿಸೇತ್ರ್ ಆಸ್ಪತ್ರೆಯ ವೃತ್ತಾಂತವನ್ನು ನೋಡಬೇಕು. ಚರ್ಮ ಹದಮಾಡುವ ಕಸುಬಿನ ಜ್ಯಾಂ-ಬಾಪ್ತಿಸ್ತ್ ಪುಸ್ಸಾಂ ಎಂಬವನು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗಂಡಮಾಲೆಯ ರೋಗಿಯಾಗಿ ಅಲ್ಲಿಗೆ ಬಂದು, ಗುಣಹೊಂದಿದ ಮೇಲೆ ಊರಿಗೆ ಹಿಂತಿರುಗದೆ ಅಲ್ಲಿಯೇ ಕೆಲಸಕ್ಕೆ ನಿಂತು, ಕಾಲಕ್ರಮದಲ್ಲಿ ಉನ್ಮತ್ತರ ವಿಭಾಗದ ಮೇಲ್ವಿಚಾರಕನಾದನು. ಅವನ ರೋಗವು ದೇಹದ್ದು, ಮನಸ್ಸಿನದಲ್ಲ; ಆದರೆ ಆಸ್ಪತ್ರೆಯ ಗೋಡೆಗಳೊಳಗೆ ಪರಾಧೀನನಾಗಿ ಬಿದ್ದಿರುವುದೆಂದರೇನೆಂಬುದನ್ನು ಬಲ್ಲವನಾದುದರಿಂದಲೋ ಏನೋ, ಅವನು ರೋಗಿಗಳನ್ನು ಹೊಡೆಯುವುದನ್ನು ನಿಷೇಧಿಸಿದನು, ೧೭೯೭ರಲ್ಲಿ ಸರಪಳಿಗಳನ್ನು ಬಿಚ್ಚಿಸಿದನು, ಮತ್ತು ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾಗಿ, ಚೇತರಿಸಿಕೊಂಡ ರೋಗಿಗಳನ್ನೇ ಆರಿಸಿ ಪರಿಚಾರಕರನ್ನಾಗಿ ನೇಮಿಸಿಕೊಂಡನು. ೧೭೯೩ರಲ್ಲಿ ಅಲ್ಲಿಗೆ ವೈದ್ಯನಾಗಿ ಬಂದ ಫಿಲಿಪ್ ಪಿನೆಲ್ ಈ ಕ್ರಮವನ್ನು ಕಂಡು ಮೆಚ್ಚಿ, ಇಂತಹವರು ಸ್ವಭಾವತಃ ಸೌಮ್ಯರಾಗಿದ್ದು ಕ್ರೌರ್ಯಕ್ಕೆ ಹೇಸುವರೆಂಬ ಅಭಿಪ್ರಾಯಕ್ಕೆ ಬಂದು, ಅದನ್ನು ತನ್ನ ಗ್ರಂಥದಲ್ಲಿ ದಾಖಲಿಸಿದನು. ಸರಪಳಿ ಕಳಚಿದ ಕೀರ್ತಿಯನ್ನು ಚರಿತ್ರೆಯು ಬಹುಕಾಲ ಪಿನೆಲನೊಬ್ಬನಿಗೇ ಸಲ್ಲಿಸಿ ಪುಸ್ಸಾಂನನ್ನು ಮರೆತದ್ದು ನನಗೆ ಕೇವಲ ಆಕಸ್ಮಿಕವೆಂದು ತೋರುವುದಿಲ್ಲ. ಅನುಭವದಿಂದ ಬಂದ ಜ್ಞಾನಕ್ಕೆ ಪದವಿಯಿಂದ ಬಂದ ಜ್ಞಾನದ ಪಕ್ಕದಲ್ಲಿ ಪೀಠ ಹಾಕಲು ವಿದ್ವತ್ಸಮಾಜವು ಎಂದಿನಿಂದಲೂ ಹಿಂಜರಿಯುತ್ತಲೇ ಬಂದಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆಶ್ರಯಾಲಯಗಳು ಬೆಳೆದು ದೈತ್ಯಾಕಾರ ತಾಳಿದಂತೆಲ್ಲ ಈ ಪದ್ಧತಿಯು ಹಿಂದೆ ಬಿದ್ದು, ರೋಗಮುಕ್ತರ ಧ್ವನಿಯು ಗೋಡೆಯ ಹೊರಗಿನಿಂದ ಕೇಳಬೇಕಾಯಿತು. ೧೮೪೫ರಲ್ಲಿ ಲಂಡನ್ನಿನಲ್ಲಿ ಜಾನ್ ಪರ್ಸಿವಲ್ ಮೊದಲಾದ ಮಾಜಿ ರೋಗಿಗಳು ಉನ್ಮತ್ತರೆನಿಸಿಕೊಂಡವರ ಹಿತರಕ್ಷಣೆಗೆ ಸಂಘ ಕಟ್ಟಿದರು. ಅಮೆರಿಕದ ಕ್ಲಿಫರ್ಡ್ ಬಿಯರ್ಸ್ ಮೂರು ವರ್ಷ ಆಸ್ಪತ್ರೆಗಳಲ್ಲಿ ಅನುಭವಿಸಿದ ಯಾತನೆಯನ್ನು ೧೯೦೮ರಲ್ಲಿ ಗ್ರಂಥವಾಗಿ ಪ್ರಕಟಿಸಿ, ಮರುವರ್ಷವೇ ರಾಷ್ಟ್ರೀಯ ಮಾನಸಿಕ ಸ್ವಾಸ್ಥ್ಯ ಸಮಿತಿಯ ಸ್ಥಾಪನೆಗೆ ಕಾರಣನಾದನು. ೧೯೨೦ರ ದಶಕದ ಕೊನೆಗೆ ಹ್ಯಾರಿ ಸ್ಟ್ಯಾಕ್ ಸಲಿವನ್ ಎಂಬ ಮನೋವೈದ್ಯನು ಬಾಲ್ಟಿಮೋರಿನ ಸಮೀಪದ ಆಸ್ಪತ್ರೆಯ ವಾರ್ಡಿನಲ್ಲಿ ತಾನೇ ಆರಿಸಿದ ಪರಿಚಾರಕರಲ್ಲಿ ಗುಣಮುಖರಾದವರನ್ನೂ ಸೇರಿಸಿಕೊಂಡು, ಪುಸ್ಸಾಂನ ದಾರಿಯನ್ನು ಮತ್ತೆ ತುಳಿದನು. ೧೯೩೫ರಲ್ಲಿ ಓಹಾಯೋದ ಅಕ್ರನ್ ನಗರದಲ್ಲಿ ಹುಟ್ಟಿದ ಮದ್ಯವ್ಯಸನಿಗಳ ಅನಾಮಿಕ ಸಂಘವಂತೂ ಕುಡಿತವನ್ನು ಬಿಟ್ಟವನೇ ಬಿಡಲು ಹೆಣಗುವವನಿಗೆ ನೆರವಾಗಬಲ್ಲನೆಂಬ ತತ್ತ್ವದ ಮೇಲೆಯೇ ನಿಂತು ಜಗತ್ತನ್ನೆಲ್ಲ ವ್ಯಾಪಿಸಿತು.

ಇಷ್ಟಾದರೂ ಇಂತಹ ಅನುಭವಿಗಳ ಸೇವೆಯು ಬಹುಮಟ್ಟಿಗೆ ಸ್ವಯಂಪ್ರೇರಿತವಾದ ಪರೋಪಕಾರವಾಗಿತ್ತೇ ಹೊರತು ವೃತ್ತಿಯಾಗಿರಲಿಲ್ಲ. ೧೯೬೬ರಲ್ಲಿ ಆಸ್ಪತ್ರೆ ಸೇರಿ ಹೊರಬಂದ ಜೂಡಿ ಚೇಂಬರ್ಲಿನ್ ೧೯೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರೋಗಿಗಳೇ ನಡೆಸುವ ಆಸರೆಯ ಮನೆಗಳು ಬೇಕೆಂದು ವಾದಿಸಿದರು; ಅದರಿಂದ ಸ್ಫೂರ್ತಿಗೊಂಡ ಚಳವಳಿಯ ಫಲವಾಗಿ, ೧೯೯೯ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯವು ಚೇತರಿಸಿಕೊಂಡವರ ನೆರವನ್ನು ಸರ್ಕಾರಿ ವೈದ್ಯಕೀಯ ವಿಮೆಯ ಲೆಕ್ಕದಲ್ಲಿ ವೇತನಾರ್ಹ ಸೇವೆಯಾಗಿ ಅಂಗೀಕರಿಸಿತು. ಹಸ್ತಾಂತರವಾದದ್ದು ಹಣ ಮಾತ್ರವಲ್ಲ, ಮನ್ನಣೆಯೂ ಹೌದು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ತುಪು ಆಕೆ ಎಂಬ ಮನೆಯು, ಸಂಕಟದ ಗಳಿಗೆಯಲ್ಲಿ ವಾರ್ಡಿಗೆ ಹೋಗುವ ಬದಲು ಕೆಲದಿನ ತಂಗಲು ಬರುವವರನ್ನು ಅನುಭವಿಗಳೇ ಮುಂದಾಗಿ ನೋಡಿಕೊಳ್ಳುವ ನೆಲೆಯಾಗಿದ್ದು, ೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಮಾದರಿಯಾಗಿ ಎಣಿಕೆಗೊಂಡಿತು.

ಇದರಿಂದ ಪ್ರಯೋಜನವಾಗುವುದೇ ಎಂಬ ಪ್ರಶ್ನೆಗೆ ಸತ್ಯನಿಷ್ಠವಾದ ಉತ್ತರವು ಒಂದೇ ಮಾತಿನಲ್ಲಿ ಸಿಗುವಂತಹುದಲ್ಲ. ೨೦೧೮ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ, ಸಂಕಟಕಾಲದ ತುರ್ತು ತಂಡಗಳ ಆರೈಕೆಯಿಂದ ಆಗತಾನೆ ಬಿಡುಗಡೆಯಾದ ೪೪೧ ಮಂದಿಯನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡದವರಿಗೆ ಚೇತರಿಕೆಯ ಕೈಪಿಡಿಯನ್ನು ಅಂಚೆಯ ಮೂಲಕ ಕಳುಹಿಸಲಾಯಿತು. ಇನ್ನೊಂದು ಪಂಗಡದವರೊಡನೆ ಅದೇ ಕೈಪಿಡಿಯನ್ನು ಕೈಯಲ್ಲಿ ಹಿಡಿದು ಹತ್ತು ಭೇಟಿಗಳವರೆಗೆ ಒಬ್ಬ ಅನುಭವಿ ಸಹಾಯಕನು ಕುಳಿತನು. ಒಂದು ವರ್ಷದೊಳಗೆ ಮತ್ತೆ ತೀವ್ರ ಚಿಕಿತ್ಸೆಗೆ ಮರಳಬೇಕಾಗಿ ಬಂದವರು ಮೊದಲ ಪಂಗಡದಲ್ಲಿ ಶೇಕಡಾ ೩೮, ಎರಡನೆಯದರಲ್ಲಿ ಶೇಕಡಾ ೨೯. ಪುಸ್ತಕ ಎರಡೂ ಕಡೆ ಇತ್ತು. ಹೆಚ್ಚಿಗೆ ಇದ್ದದ್ದು ಮನುಷ್ಯನ ಸನ್ನಿಧಿ. ಆದರೆ ೨೦೨೨ರಲ್ಲಿ ಅದೇ ದೇಶದಲ್ಲಿ ೫೯೦ ಮಂದಿಯನ್ನೊಳಗೊಂಡು ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಮನೋರೋಗದ ವಾರ್ಡಿನಿಂದ ಬಿಡುಗಡೆಯಾಗುವ ಮುನ್ನವೇ ಆರಂಭವಾಗಿ ನಾಲ್ಕು ತಿಂಗಳು ಮುಂದುವರಿದ ಇಂತಹುದೇ ನೆರವಿನಿಂದ ಮರುದಾಖಲಾತಿಯಲ್ಲಿ ಗಣನೀಯವಾದ ವ್ಯತ್ಯಾಸ ಕಂಡುಬರಲಿಲ್ಲ. ಮೊದಲನೆಯದನ್ನು ಹಾಡಿಹೊಗಳಿ ಎರಡನೆಯದನ್ನು ಮುಚ್ಚಿಡುವುದು ಪ್ರಾಮಾಣಿಕರ ಲಕ್ಷಣವಲ್ಲ. ಎರಡನ್ನೂ ಎದುರಿಗಿಟ್ಟುಕೊಂಡು ನಾನು ತಲುಪಿದ ಅಭಿಪ್ರಾಯವಿದು: ನಿರ್ದಿಷ್ಟ ಕೆಲಸ, ನಿರ್ದಿಷ್ಟ ಅವಧಿ, ಸಂಕಟದ ತಂಡದೊಡನೆ ನಿಕಟವಾದ ಸಂಬಂಧ ಇವು ಮೂರೂ ಇರುವಲ್ಲಿ ಅನುಭವಿಯ ಸೇವೆಯು ಫಲಿಸುವ ಸಂಭವ ಹೆಚ್ಚು, ಮತ್ತು ಆಸ್ಪತ್ರೆಗೆ ಮರಳಿದರೋ ಇಲ್ಲವೋ ಎಂಬುದೊಂದೇ ಅಳತೆಗೋಲಾದರೆ, ಒಬ್ಬನು ಎಷ್ಟು ಹಗುರಾಗಿ ಉಸಿರಾಡಿದನೆಂಬುದು ಲೆಕ್ಕಕ್ಕೇ ಬಾರದೆ ಹೋಗುತ್ತದೆ.

ನಮ್ಮ ನಾಡಿನ ಕಥೆಯು ಬೇರೆ ದಾರಿಯಲ್ಲಿ ನಡೆಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರದವರ (ಇಂದಿನ ವಿಜಯಪುರದವರ) ಪಾಲಿಗೆ ಮನೋಚಿಕಿತ್ಸೆಯೆಂದರೆ ಧಾರವಾಡ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿ ಹುಟ್ಟಿದ ಆಶ್ರಯಾಲಯವೇ ಇಂದಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್. ಆ ಊರಿನ ಹೆಸರನ್ನು ಬೈಗುಳವಾಗಿ ಬಳಸುವ ದುರಭ್ಯಾಸ ನಮ್ಮ ಕಡೆ ಇನ್ನೂ ಅಳಿದಿಲ್ಲ, ಮತ್ತು ಚೇತರಿಸಿಕೊಂಡವರು ಬಾಯಿ ಮುಚ್ಚಿಕೊಂಡಿರುವುದಕ್ಕೆ ಇಂತಹ ಮಾತುಗಳೇ ಬಹುಮಟ್ಟಿಗೆ ಕಾರಣ. ಪಾಶ್ಚಾತ್ಯ ದೇಶಗಳಲ್ಲಿ ಮಾಜಿ ರೋಗಿಯು ವಹಿಸಿದ ಪಾತ್ರವನ್ನು ಭಾರತದಲ್ಲಿ ಕುಟುಂಬವು ವಹಿಸಿತು. ೧೯೫೦ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿಯೇ ಡೇರೆಗಳನ್ನು ಹಾಕಿಸಿ ಬಂಧುಗಳನ್ನು ರೋಗಿಗಳೊಡನೆ ಇರಿಸಿಕೊಂಡು, ಚಿಕಿತ್ಸೆಯ ಮರ್ಮವನ್ನು ಅವರಿಗೆ ಬೋಧಿಸಿ ಮನೆಗೆ ಕಳುಹಿಸಿದರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ, ೧೯೭೪ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಸಂಸ್ಥೆಯಲ್ಲಿಯೂ ಬಂಧುಗಳ ಸಹವಾಸವು ಚಿಕಿತ್ಸೆಯ ಅಂಗವಾಯಿತು. ೧೯೬೪ರಲ್ಲಿ ಅದೇ ನಗರದಲ್ಲಿ ಮೆಡಿಕೋ-ಪ್ಯಾಸ್ಟೊರಲ್ ಅಸೋಸಿಯೇಷನ್ ಹುಟ್ಟಿ, ಆಸ್ಪತ್ರೆಗೂ ಮನೆಗೂ ನಡುವಣ ತಂಗುದಾಣವನ್ನು ಕಲ್ಪಿಸಿತು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡ ತರುವಾಯ, ನಿಮ್ಹಾನ್ಸಿನ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ೧೯೯೬ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ತಳಹದಿಯಾದುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ. ಆದರೆ ಆ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು, ಶುಶ್ರೂಷಕರು ಇವರಿಗೆಲ್ಲ ಸ್ಥಾನ ದೊರೆತರೂ, ರೋಗವನ್ನು ಗೆದ್ದು ಬಂದವನಿಗೆ ಹುದ್ದೆಯೊಂದು ನಿರ್ಮಾಣವಾಗಲಿಲ್ಲ.

ಕಾನೂನು ಮಾತ್ರ ಈ ವಿಷಯದಲ್ಲಿ ಆಸ್ಪತ್ರೆಗಳಿಗಿಂತ ಮುಂದೆ ನಡೆಯಿತು. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಗಳಿಂದ ಬಂಧಿತರಾಗಿದ್ದ ೨೮ ಮಂದಿ ಮನೋರೋಗಿಗಳು ಬೆಂಕಿಯಲ್ಲಿ ಸತ್ತ ದುರಂತವು ದೇಶದ ಆತ್ಮಸಾಕ್ಷಿಯನ್ನು ಚುಚ್ಚಿತು. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ೨೦೧೮ರ ಮೇ ೨೯ರಂದು ಜಾರಿಗೆ ಬಂದಾಗ, ಅದರ ೧೧೫ನೆಯ ಪ್ರಕರಣವು ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಿ, ಅವನಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿಗಳನ್ನು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ೭೪ನೆಯ ಪ್ರಕರಣವು ಪರಿಶೀಲನಾ ಮಂಡಳಿಗಳಲ್ಲಿ ನ್ಯಾಯಾಧೀಶರ ಸಮಾನಪಂಕ್ತಿಯಲ್ಲಿ ಮಾನಸಿಕ ಅಸ್ವಾಸ್ಥ್ಯವುಳ್ಳವರೋ ಅವರ ಪಾಲಕರೋ ಅವರ ಸಂಘಟನೆಗಳ ಪ್ರತಿನಿಧಿಗಳೋ ಕುಳಿತುಕೊಳ್ಳಲು ಎರಡು ಸ್ಥಾನಗಳನ್ನು ಮೀಸಲಿರಿಸಿತು. ನ್ಯಾಯಪೀಠದಲ್ಲಿ ಆಸನ ದೊರೆತವನಿಗೆ ವಾರ್ಡಿನ ಮಂಚದ ಪಕ್ಕದಲ್ಲಿ ಒಂದು ಸ್ಟೂಲೂ ದೊರೆಯದಿರುವುದು ವಿಚಿತ್ರವಲ್ಲವೇ?

ಆ ಸ್ಟೂಲನ್ನು ಹಾಕಿ ತೋರಿಸಿದವರು ಗುಜರಾತಿನವರು. ೨೦೧೪ರಲ್ಲಿ ಆ ರಾಜ್ಯದ ಸರ್ಕಾರವು ಪುಣೆಯ ಮಾನಸಿಕ ಆರೋಗ್ಯ ಕಾನೂನು ಮತ್ತು ನೀತಿ ಕೇಂದ್ರದೊಡನೆ ಕೂಡಿ, ಸೇವೆಯ ಗುಣಮಟ್ಟವನ್ನೂ ರೋಗಿಗಳ ಹಕ್ಕುಗಳನ್ನೂ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿ ರೈಟ್ಸ್ ಕ್ರಮವನ್ನು ಸರ್ಕಾರಿ ಮಾನಸಿಕ ಚಿಕಿತ್ಸಾಲಯಗಳಲ್ಲಿ ಆಚರಣೆಗೆ ತಂದಿತು. ಚೇತರಿಸಿಕೊಂಡವರೂ ಅವರ ಮನೆಯವರೂ ತರಬೇತಿ ಪಡೆದು ವಾರ್ಡುಗಳಲ್ಲಿ ಇತರರಿಗೆ ನೆರವಾಗತೊಡಗಿದರು. ೨೦೧೯ರಲ್ಲಿ ಪ್ರಕಟವಾದ ಅಧ್ಯಯನವು ಕಾರ್ಯಕ್ರಮ ನಡೆದ ಆರು ಚಿಕಿತ್ಸಾಲಯಗಳನ್ನು ನಡೆಯದ ಮೂರರೊಡನೆ ಹೋಲಿಸಿ, ಸೇವೆಯ ಗುಣವೂ ಸಿಬ್ಬಂದಿಯ ಮನೋಭಾವವೂ ರೋಗಿಗಳ ಆತ್ಮಬಲವೂ ಉತ್ತಮಗೊಂಡುದನ್ನು ಕಂಡಿತು. ಸಿಬ್ಬಂದಿಯ ಮನೋಭಾವ ಬದಲಾದುದು ನನಗೆ ಅತ್ಯಂತ ಮಹತ್ತ್ವದ್ದಾಗಿ ತೋರುತ್ತದೆ, ಏಕೆಂದರೆ ನಿನ್ನೆ ರೋಗಿಯಾಗಿದ್ದವನು ಇಂದು ತಮ್ಮ ಜೊತೆಗೆ ಕುಳಿತು ಚಹ ಕುಡಿಯುವಾಗ, ಗುಣವಾಗುವವರಿದ್ದಾರೆಂಬ ನಂಬಿಕೆಯು ಬಳಲಿದ ಶುಶ್ರೂಷಕರಿಗೂ ಮರಳಿ ಬರುತ್ತದೆ. ಆಫ್ರಿಕದ ಉಗಾಂಡದಲ್ಲಿ ಕಂಪಾಲದ ಬುಟಬಿಕಾ ಆಸ್ಪತ್ರೆಯಲ್ಲಿಯೂ ಗುಣಹೊಂದಿದವರು ಬಿಡುಗಡೆಯಾದವರ ಬೆನ್ನಿಗೆ ನಿಲ್ಲುವ ಕ್ರಮವು ಬೆಳೆಯಿತು. ಇದು ಶ್ರೀಮಂತ ದೇಶಗಳಿಗೆ ಮಾತ್ರ ಸಾಧ್ಯವೆಂಬ ಮಾತು ಆದುದರಿಂದ ನಿಲ್ಲತಕ್ಕದ್ದಲ್ಲ.

ತುರ್ತು ವಿಭಾಗದಲ್ಲಿ ಇಂತಹವನು ಮಾಡಬೇಕಾದುದಾದರೂ ಏನು? ಬೆಳೆಗೆ ಹೊಡೆಯುವ ಎಣ್ಣೆಯನ್ನು ಕುಡಿದು ಬದುಕುಳಿದವನಿಗೆ ಎಚ್ಚರವಾದಾಗ, ಸುತ್ತ ನಿಂತವರೆಲ್ಲರೂ ಕೇಳುವುದು ಒಂದೇ, ಯಾಕೆ ಹೀಗೆ ಮಾಡಿಕೊಂಡಿ ಎಂದು. ಆ ಪ್ರಶ್ನೆಯನ್ನು ಕೇಳದೆ ಕುಳಿತಿರಬಲ್ಲವನು ಅನುಭವಿ. ನಿದ್ದೆ ಬಾರದ ರಾತ್ರಿಯಲ್ಲಿ ಜೊತೆಗಿರುವುದು, ಗುಳಿಗೆಗಳಿಂದ ಬಾಯಿ ಒಣಗುವುದೂ ಕೈ ನಡುಗುವುದೂ ವೈದ್ಯರಿಗೆ ಹೇಳಿದರೆ ಸರಿಪಡಿಸಬಹುದಾದುವೆಂದು ಧೈರ್ಯ ತುಂಬುವುದು, ಮನೆಗೆ ಮರಳಿದ ಮೇಲೆ ಊರವರ ಕಣ್ಣುಗಳನ್ನು ಎದುರಿಸುವ ಬಗೆಯನ್ನು ತನ್ನ ಬದುಕಿನಿಂದಲೇ ತೋರಿಸುವುದು, ಬಿಡುಗಡೆಯ ನಂತರದ ಅಪಾಯಕರವಾದ ವಾರಗಳಲ್ಲಿ ಫೋನು ಮಾಡಿ ವಿಚಾರಿಸುವುದು ಇವೆಲ್ಲ ಅವನ ಪಾಲಿನ ಕೆಲಸ. ಔಷಧವನ್ನು ಬದಲಾಯಿಸುವುದಾಗಲಿ, ಎಲ್ಲರ ದಾರಿಯೂ ತನ್ನ ದಾರಿಯೇ ಎಂದು ಒತ್ತಾಯಿಸುವುದಾಗಲಿ ಅವನ ಕೆಲಸವಲ್ಲ. ಪರರ ಸಂಕಟವು ಅವನ ಹಳೆಯ ಗಾಯವನ್ನು ಕೆದಕುವುದೂ ಉಂಟು. ಆದುದರಿಂದ ತರಬೇತಿ, ಹಿರಿಯರೊಬ್ಬರ ಮೇಲ್ವಿಚಾರಣೆ, ಗೌಪ್ಯದ ನಿಯಮ, ತಾನೇ ದಣಿದಾಗ ರಜೆ, ಮತ್ತು ಮರ್ಯಾದೆಯ ಸಂಬಳ ಇವಿಲ್ಲದೆ ಯಾರನ್ನೂ ಈ ಕಾರ್ಯಕ್ಕೆ ನೂಕಬಾರದು. ಪುಕ್ಕಟೆಯಾಗಿ ದುಡಿಸಿಕೊಂಡು ಅದನ್ನು ಸೇವೆಯೆಂದು ಕರೆಯುವುದು ಅನ್ಯಾಯ.

ಕರ್ನಾಟಕದಲ್ಲಿ ೨೦೨೨ನೆಯ ಒಂದೇ ವರ್ಷದಲ್ಲಿ ೧೩,೬೦೬ ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ಹೇಳುತ್ತದೆ; ಯತ್ನಿಸಿ ಉಳಿದವರು ಇದಕ್ಕಿಂತ ಬಹುಪಟ್ಟು ಹೆಚ್ಚು. ಅದೇ ವರ್ಷದ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ಸೇವೆಯು ೧೪೪೧೬ ಸಂಖ್ಯೆಗೆ ಕರೆ ಮಾಡಿದವರಿಗೆ ಕನ್ನಡದಲ್ಲಿಯೇ ನೆರವೀಯುತ್ತದೆ, ಮತ್ತು ಈ ಸಂಖ್ಯೆಯನ್ನು ಓದುಗರು ಮನೆಯ ಗೋಡೆಯ ಮೇಲೆ ಬರೆದಿಡಬೇಕು. ಆದರೆ ದೂರವಾಣಿಯ ಧ್ವನಿಯು ಹಾಸಿಗೆಯ ಪಕ್ಕದ ಮನುಷ್ಯನಿಗೆ ಬದಲಿಯಾಗಲಾರದು. ಸೊಲ್ಲಾಪುರ ರಸ್ತೆಯ ವೈದ್ಯಕೀಯ ಮಹಾವಿದ್ಯಾಲಯದ ಆಡಳಿತದವರಲ್ಲಿಯೂ ಜಿಲ್ಲಾ ಆಸ್ಪತ್ರೆಯ ಅಧಿಕಾರಿಗಳಲ್ಲಿಯೂ ನನ್ನ ವಿನಂತಿ ಇಷ್ಟು: ತಿಕೋಟಾದಿಂದಲೋ ಬಬಲೇಶ್ವರದಿಂದಲೋ ವಿಜಯಪುರದ ಓಣಿಗಳಿಂದಲೋ, ಚೇತರಿಸಿಕೊಂಡು ಸ್ಥಿರವಾಗಿ ಬಾಳುತ್ತಿರುವ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಮೊದಲು ಆರಿಸಿ, ತರಬೇತಿ ಕೊಟ್ಟು, ಸಂಬಳ ಗೊತ್ತುಮಾಡಿ, ತುರ್ತು ವಿಭಾಗದಲ್ಲಿ ಕೆಲಸಕ್ಕೆ ನೇಮಿಸಿರಿ, ಒಂದು ವರ್ಷದ ಬಳಿಕ ಅದರ ಫಲಾಫಲಗಳನ್ನು ಒಳಿತು ಕೆಡುಕೆರಡನ್ನೂ ಮರೆಮಾಚದೆ ಜನರ ಮುಂದಿಡಿರಿ.