ಬೇಸಿಗೆಯ ತಾಲೀಮು: ಚಿಂಚೋಳಿ ಸೀಮೆಯಲ್ಲಿ ಓಟ ಮತ್ತು ಬಿಸಿಲು

ಬಿಸಿಲ ಸೀಮೆ, ನೇಮಕಾತಿಯ ಓಟ

ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಈ ಎರಡು ತಿಂಗಳು ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುವುದು ವಾಡಿಕೆ. ಮೈದಾನದಲ್ಲಿ ಓಡುವವರಿಗೆ ಮಾತ್ರ ಇಂಥ ವೇಳಾಪಟ್ಟಿಯನ್ನು ಯಾರೂ ಹಾಕಿಕೊಡುವುದಿಲ್ಲ.

ಓಡುವವರಲ್ಲಿ ಹೆಚ್ಚಿನವರು ನೌಕರಿಯ ಆಸೆ ಹೊತ್ತವರು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಯಾದ ಮೇಲೆ ಕಲ್ಯಾಣ ಕರ್ನಾಟಕದ ಯುವಕ ಯುವತಿಯರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಸಿಕ್ಕಿದೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. ಅರ್ಜಿ ಕರೆದದ್ದು ಯಾವ ತಿಂಗಳಾದರೂ ತಾಲೀಮು ನಿಲ್ಲಿಸುವಂತಿಲ್ಲ.

ಇಂಥ ಓಟ ಜೀವಕ್ಕೇ ಎರವಾಗಬಹುದು ಎಂಬುದು 2024ರಲ್ಲಿ ಜಾರ್ಖಂಡ್‌ನಲ್ಲಿ ಕಣ್ಣಿಗೆ ಬಿತ್ತು. ಅಲ್ಲಿ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗೆ 10 ಕಿಲೋಮೀಟರ್ ಓಡಿದವರಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಬೆಳಿಗ್ಗೆ 9ರ ನಂತರ ಓಡಿಸಬಾರದೆಂದು ಆಮೇಲೆ ಅಲ್ಲಿನ ಮುಖ್ಯಮಂತ್ರಿ ಸೂಚಿಸಿದರು. ಅದು ಕಡುಬೇಸಿಗೆಯೂ ಆಗಿರಲಿಲ್ಲ, ಆಗಸ್ಟ್ ಕೊನೆಯ ಮಳೆಗಾಲ.

ಮೈಯೊಳಗೇ ಹುಟ್ಟುವ ಶಾಖ

ಓಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಚಲನೆಯಾಗುತ್ತದೆ, ಉಳಿದದ್ದೆಲ್ಲ ಶಾಖ. 60 ಕೆ.ಜಿ. ತೂಕದ ಹುಡುಗ ಒಂದು ಕಿಲೋಮೀಟರ್ ಓಡಿದರೆ ಸುಮಾರು 60 ಕಿಲೋಕ್ಯಾಲರಿ ಖರ್ಚಾಗುತ್ತದೆ, ಅದರಲ್ಲಿ 45ರಷ್ಟು ಶಾಖವಾಗಿ ಮೈಯೊಳಗೇ ಹುಟ್ಟುತ್ತದೆ. ಆತನ ಮೈ ಒಂದು ಡಿಗ್ರಿ ಬಿಸಿಯಾಗಲು ಬೇಕಾದದ್ದು ಸುಮಾರು 50 ಕಿಲೋಕ್ಯಾಲರಿ. ಅಂದರೆ ಶಾಖ ಹೊರಗೆ ಹೋಗದಿದ್ದರೆ 1,600 ಮೀಟರಿನ ಒಂದೇ ಓಟಕ್ಕೆ ಒಂದೂವರೆ ಡಿಗ್ರಿಯಷ್ಟು ಏರಿಕೆ. ಒಂದು ಓಟವನ್ನು ಮೈ ತಾಳಿಕೊಳ್ಳುತ್ತದೆ. ಸಮಯ ತಗ್ಗಿಸುವ ಹಟದಲ್ಲಿ ಸುಧಾರಿಸಿಕೊಳ್ಳದೆ ನಾಲ್ಕೈದು ಸಲ ಓಡಿದಾಗಲೇ ಅಪಾಯ.

ಸುತ್ತಲ ಗಾಳಿ ಚರ್ಮಕ್ಕಿಂತ ತಂಪಿದ್ದರೆ ಒಂದಷ್ಟು ಶಾಖ ಗಾಳಿಗೆ ಹೋಗುತ್ತದೆ. ಹೊರಗೆ 40 ಡಿಗ್ರಿ ಇದ್ದಾಗ ಲೆಕ್ಕ ತಿರುಗಿ, ಬೀಸುವ ಗಾಳಿಯೇ ಮೈಗೆ ಶಾಖ ತುಂಬುತ್ತದೆ. ಈ ಭಾಗದಲ್ಲಿ ‘ಝಳ ಬಡೀತು’ ಅನ್ನುವುದು ಇದನ್ನೇ. ಆಗ ಉಳಿಯುವ ದಾರಿ ಬೆವರು ಒಂದೇ. ಒಂದು ಲೀಟರ್ ಬೆವರು ಆವಿಯಾದರೆ 580 ಕಿಲೋಕ್ಯಾಲರಿಯಷ್ಟು ಶಾಖ ಇಳಿಯುತ್ತದೆ. ಕಲಬುರಗಿ ಸೀಮೆಯ ಬೇಸಿಗೆ ಒಣಬೇಸಿಗೆ, ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಅಂಗಿ ತೊಯ್ಯುವುದಿಲ್ಲವಾದ್ದರಿಂದ ತಾಸಿಗೆ ಲೀಟರಿಗೂ ಮಿಕ್ಕಿ ನೀರು ಹೋದದ್ದು ಗೊತ್ತೇ ಆಗುವುದಿಲ್ಲ. ಮೇ ಕೊನೆಯಲ್ಲಿ ಮಳೆ ಹನಿದು ಧಗೆ ಕೂಡಿದಾಗ ಬೆವರು ಹರಿದರೂ ಆರುವುದಿಲ್ಲ, ಮೈ ತಣಿಯುವುದಿಲ್ಲ. ಆ ದಿನಗಳಲ್ಲಿ ಉಷ್ಣಾಂಶ ನಾಲ್ಕೈದು ಡಿಗ್ರಿ ಇಳಿದಿದ್ದರೂ ಅದನ್ನು ನಂಬಿ ಓಡಬಾರದು.

‘ಬಿಸಿಲು ನಮಗೇನು ಹೊಸದೇ?’

ಇಲ್ಲಿ ಹುಟ್ಟಿದವರ ಬಾಯಲ್ಲಿ ಈ ಮಾತು ಸಹಜ. ಬಿಸಿಲಿಗೆ ಒಗ್ಗುವ ಗುಣ ಮಾತ್ರ ಹುಟ್ಟಿನಿಂದ ಬರುವುದಿಲ್ಲ, ಕಳೆದ ಹದಿನೈದು ದಿನ ಮೈ ಎಲ್ಲಿ, ಹೇಗೆ ದುಡಿದಿತ್ತು ಎಂಬುದರಿಂದ ಬರುತ್ತದೆ. ಸೆಖೆಯಲ್ಲಿ ದಿನವೂ ಸ್ವಲ್ಪ ಸ್ವಲ್ಪ ದುಡಿದರೆ 7ರಿಂದ 14 ದಿನಗಳಲ್ಲಿ ಬೆವರು ಬೇಗ ಬರತೊಡಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ರಕ್ತದ ನೀರಿನಂಶ ಹೆಚ್ಚುತ್ತದೆ. ಬಿಟ್ಟರೆ ಎರಡು ಮೂರು ವಾರದಲ್ಲಿ ಈ ಲಾಭ ಬಹುಮಟ್ಟಿಗೆ ಕರಗುತ್ತದೆ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಕೋಚಿಂಗ್ ಮುಗಿಸಿ ಏಪ್ರಿಲ್‌ನಲ್ಲಿ ಊರಿಗೆ ಬಂದ ಹುಡುಗ ಮರುದಿನವೇ ಮೊದಲಿನ ವೇಗದಲ್ಲಿ ಓಡಲು ಹೊರಟರೆ ಅವನ ಮೈ ಚಿಂಚೋಳಿಯದ್ದಲ್ಲ.

ಇನ್ನೊಂದು ಗುಂಪಿನ ಬಗ್ಗೆ ನನಗೆ ಹೆಚ್ಚು ಆತಂಕ. ಹಗಲು ಶಹಾಬಾದ್ ಫರಸಿಕಲ್ಲಿನ ಗಣಿಯಲ್ಲೋ ಹೊಲದಲ್ಲೋ ಕೂಲಿ ಮಾಡಿ, ಸಂಜೆ ಓಡಿ, ರಾತ್ರಿ ಕಾದ ಪತ್ರಾಸಿನ ಕೆಳಗೆ ಮಲಗುವವರು ಇವರು. ಹಿಂದಿನ ದಿನದ ದಣಿವು, ನಿದ್ದೆಗೇಡಿತನ, ನೀರಿನ ಕೊರತೆ ಮರುದಿನಕ್ಕೂ ದಾಟುತ್ತವೆ. ಜ್ವರ, ಭೇದಿ, ಹಿಂದಿನ ರಾತ್ರಿಯ ಕುಡಿತ ಇದ್ದರೆ ಅಪಾಯ ಇನ್ನೂ ಹೆಚ್ಚು.

ಮೈ ಕೊಡುವ ಸೂಚನೆ

ಮೀನಖಂಡ ಹಿಡಿದುಕೊಳ್ಳುವುದು, ಓಟ ನಿಲ್ಲಿಸಿದ ಕೂಡಲೇ ಕಣ್ಣು ಕತ್ತಲೆಗಟ್ಟುವುದು ಮೊದಲ ಹಂತ. ತಲೆನೋವು, ವಾಕರಿಕೆ, ವಿಪರೀತ ಸುಸ್ತು ಕಂಡರೆ ಅದು ಉಷ್ಣ ಬಳಲಿಕೆ. ನೆರಳಿಗೆ ಬಂದು, ಕಾಲು ಎತ್ತರಿಸಿ ಮಲಗಿ, ನೀರು ಕುಡಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ಉಷ್ಣಾಘಾತವೇ ಬೇರೆ. ಒಳಮೈ ಉಷ್ಣಾಂಶ 40 ಡಿಗ್ರಿ ದಾಟಿ ಮಿದುಳಿನ ಕೆಲಸ ಕೆಡುತ್ತದೆ: ತೊದಲು ಮಾತು, ಕಾರಣವಿಲ್ಲದ ಸಿಟ್ಟು, ತೂರಾಟ, ಫಿಟ್ಸ್, ಪ್ರಜ್ಞೆ ತಪ್ಪುವುದು. ಬೆವರು ನಿಂತರೆ ಮಾತ್ರ ಉಷ್ಣಾಘಾತ ಎಂಬ ತಿಳಿವಳಿಕೆ ಓಟಗಾರರ ಮಟ್ಟಿಗೆ ತಪ್ಪು, ಬೆವರು ಸುರಿಯುತ್ತಿರುವಾಗಲೇ ಅವರು ಕುಸಿಯುತ್ತಾರೆ. ಕಂಕುಳಿನ ಥರ್ಮಾಮೀಟರ್ ಕೂಡ ಆಗ ಕಡಿಮೆ ತೋರಿಸಬಹುದು. ಓಡಿದ ಮೇಲೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ ಎಂದರ್ಥ. ಅಂದೇ ವೈದ್ಯರನ್ನು ಕಾಣಬೇಕು.

ಮೊದಲು ತಂಪು, ಆಮೇಲೆ ಆಸ್ಪತ್ರೆ

ಉಷ್ಣಾಘಾತವಾದವರನ್ನು ಅರ್ಧ ತಾಸಿನೊಳಗೆ ತಂಪು ಮಾಡಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಚಿಂಚೋಳಿಯಿಂದ ಕಲಬುರಗಿಯ ದೊಡ್ಡಾಸ್ಪತ್ರೆಗೆ 80 ಕಿಲೋಮೀಟರ್‌ಗೂ ಮಿಕ್ಕಿದ ದಾರಿ. ಬಿಸಿಮೈಯನ್ನು ಹಾಗೆಯೇ ಜೀಪಿಗೆ ಹಾಕಿಕೊಂಡು ಹೊರಟರೆ ಆ ಅರ್ಧ ತಾಸು ರಸ್ತೆಯಲ್ಲೇ ಕಳೆದುಹೋಗುತ್ತದೆ. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಇಳಿಸಬೇಕು, ತಲೆ ಮುಳುಗದಂತೆ ಒಬ್ಬರು ಹಿಡಿದಿರಬೇಕು. ತೊಟ್ಟಿ ಇಲ್ಲವೇ? ತೊಗರಿ ರಾಶಿ ಮಾಡುವ ತಾಡಪತ್ರಿ ಸಾಕು. ಅದರ ನಡುವೆ ಮಲಗಿಸಿ, ನಾಲ್ಕೂ ಅಂಚನ್ನು ಎತ್ತಿ ಹಿಡಿದು, ಬೋರ್‌ವೆಲ್ ನೀರು, ಸಿಕ್ಕಿದರೆ ಮಂಜುಗಡ್ಡೆ ಸುರಿದು, ನೀರು ಮೈಸುತ್ತ ಓಡಾಡುವಂತೆ ತೂಗುತ್ತಿರಬೇಕು. ಈ ವಿಧಾನ ವೈದ್ಯಕೀಯ ಪರೀಕ್ಷೆಯಲ್ಲಿ ಗೆದ್ದದ್ದು. ‘ಬಿಸಿಮೈಗೆ ತಣ್ಣೀರು ಹಾಕಬ್ಯಾಡ್ರಿ’ ಎಂದು ಹಿರಿಯರು ತಡೆಯುವುದು ಕಾಳಜಿಯಿಂದಲೇ, ಆದರೆ ಉಷ್ಣಾಘಾತದಲ್ಲಿ ಆ ಮಾತು ಕೇಳಿದರೆ ಜೀವ ಹೋಗುತ್ತದೆ. ಪಾದಕ್ಕೆ ಉಳ್ಳಾಗಡ್ಡಿ ತಿಕ್ಕುತ್ತ ಕೂರಲು ವೇಳೆಯಿಲ್ಲ. ಪ್ಯಾರಾಸಿಟಮಾಲ್ ಈ ಬಿಸಿಯನ್ನು ಇಳಿಸುವುದಿಲ್ಲ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ವೇಳೆ, ನೀರು, ಮಜ್ಜಿಗೆ

ಮೇ ತಿಂಗಳಲ್ಲಿ ಇಲ್ಲಿ ಆರರೊಳಗೆ ಹೊತ್ತು ಮೂಡುತ್ತದೆ. ದಿನದ ಅತಿ ತಂಪಿನ ವೇಳೆ ಅದರ ಆಸುಪಾಸು, ಓಟ ಏಳರೊಳಗೆ ಮುಗಿದರೆ ಒಳ್ಳೆಯದು. ಸಂಜೆ ಐದರ ನೆಲ ಇನ್ನೂ ಕಾದಿರುತ್ತದೆ. ನೀರಿನ ಜೊತೆಗೆ ಉಪ್ಪು ಬೆರೆತ ಮಜ್ಜಿಗೆ, ಅಂಬಲಿ, ಇಲ್ಲವೇ ಓಆರ್‌ಎಸ್ ಬೇಕು. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಅಪಾಯ. ಓಟದ ಮುಂಚೆ, ಆಮೇಲೆ ತೂಕ ನೋಡಿಕೊಂಡರೆ ಲೆಕ್ಕ ಸಿಗುತ್ತದೆ: 60 ಕೆ.ಜಿ. ಮೈ 1.2 ಕೆ.ಜಿ.ಗಿಂತ ಹೆಚ್ಚು ಇಳಿದಿದ್ದರೆ ಕುಡಿದದ್ದು ಸಾಲದು. ಒಬ್ಬರೇ ಓಡಬಾರದು, ಏಕೆಂದರೆ ಮಾತು ತೊದಲುತ್ತಿರುವುದು ತೊದಲುವವರಿಗೆ ತಿಳಿಯುವುದಿಲ್ಲ. ಒಮ್ಮೆ ಉಷ್ಣಾಘಾತವಾಗಿ ಚೇತರಿಸಿಕೊಂಡವರು ಕನಿಷ್ಠ ಒಂದು ವಾರ ತಾಲೀಮು ಬಿಟ್ಟು, ವೈದ್ಯರು ಒಪ್ಪಿದ ಮೇಲೆ, ಮೊದಲು ತಂಪು ಹೊತ್ತಿನ ನಡಿಗೆಯಿಂದ ಮತ್ತೆ ಶುರು ಮಾಡಬೇಕು.